ಶಾಸನಪಾಠಗಳ ತಿದ್ದುಪಡಿಯೂ ಗಿಟ್ ವ್ಯವಸ್ಥೆಯ ಅಣಿತಾಣವೂ

ಶಾಸನ, ಸ್ಥಳನಾಮ, ಜಾನಪದ ಮೊದಲಾದ ವಿಷಯಗಳಲ್ಲಿ ಕೆಲಸಮಾಡುತ್ತಿರುವ ನಮ್ಮ ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಈಗ ತಮ್ಮ ಸಾಮಗ್ರಿಯನ್ನು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ಸಂಗ್ರಹಿಸುತ್ತಾರೆ. ಹಾಗೆ ಸಂಗ್ರಹಿಸಿದುದನ್ನು ತೆರೆದು ನೋಡಿದರೆ ‘ಹಿರಿಯೂರು ಶಾಸನಗಳು’, ‘ಹಿರಿಯೂರು ಶಾಸನಗಳು ಹೊಸದು’, ‘ಹಿರಿಯೂರು ಶಾಸನಗಳು ಅಂತಿಮ’, ‘ಅಂತಿಮ ಎರಡು’ ಎಂಬ ಹೆಸರುಗಳು ಸಾಲಾಗಿ ಕಾಣುವುವು. ಇವುಗಳಲ್ಲಿ ಯಾವುದು ಯಾವುದಕ್ಕಿಂತ ಹೊಸದು, ಒಂದರಲ್ಲಿರುವ ಪಾಠ ಇನ್ನೊಂದರಲ್ಲಿ ಏಕೆ ಬೇರೆಯಾಯಿತು, ಬೇರೆ ಮಾಡಿದವರು ಯಾರು ಎಂಬ ಪ್ರಶ್ನೆಗಳಿಗೆ ಬರೆದವರೇ ಒಂದೆರಡು ವರ್ಷಗಳ ಬಳಿಕ ಉತ್ತರ ಹೇಳಲಾರರು. ತಂತ್ರಾಂಶ ನಿರ್ಮಾಪಕರು ಇದೇ ತೊಡಕನ್ನು ಎದುರಿಸಿ, ಅದರ ಪರಿಹಾರಕ್ಕಾಗಿ ಆವೃತ್ತಿ ನಿಯಂತ್ರಣ ವ್ಯವಸ್ಥೆಗಳನ್ನು ರೂಪಿಸಿಕೊಂಡರು. ಅವುಗಳಲ್ಲಿ ಇಂದು ಅತ್ಯಂತ ಹೆಚ್ಚಾಗಿ ಬಳಕೆಯಲ್ಲಿರುವುದು ಗಿಟ್. ಗಿಟ್‌ನ ಸಮಗ್ರ ಪರಿಚಯ ಈ ಲೇಖನದ ಉದ್ದೇಶವಲ್ಲ. ಹೊಸಬರಿಗೆ ಅನಗತ್ಯವೆಂದು ತೋರುವ, ಆದರೆ ಪಾಠಸಂಪಾದಕನಿಗೆ ಬಹಳ ಉಪಯುಕ್ತವಾದ ಅದರ ಒಂದು ಹಂತವನ್ನು ಮಾತ್ರ ಇಲ್ಲಿ ವಿವರಿಸಲಾಗುವುದು. ಬದಲಾವಣೆಗಳನ್ನು ದಾಖಲಿಸುವುದಕ್ಕೆ ಮುನ್ನ ಅವನ್ನು ಆಯ್ದು ಅಣಿಗೊಳಿಸುವುದೇ ಆ ಹಂತ.

ಗಣಕಯಂತ್ರದ ‘ಫೈಲ್’ ಎಂಬುದಕ್ಕೆ ನಾವು ‘ಕಡತ’ ಎಂಬ ಮಾತನ್ನು ಬಳಸುತ್ತೇವೆ. ಈ ಮಾತಿನ ಹಿನ್ನೆಲೆ ನಮ್ಮ ವಿಷಯಕ್ಕೆ ಹೊರತಲ್ಲ. ಹಿಂದಿನ ಕಡತವು ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಕರಿಯ ಪುಸ್ತಕ. ಶಾನುಭೋಗರೂ ವರ್ತಕರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತಿದ್ದರು. ಒರೆಸಿದುದು ಹೋಯಿತು, ಮೊದಲು ಏನಿತ್ತೆಂಬುದಕ್ಕೆ ಗುರುತುಳಿಯದು. ಗಣಕದ ಕಡತವೂ ಈ ಗುಣದಲ್ಲಿ ಹಳೆಯ ಕಡತದ ನೇರ ವಾರಸುದಾರನೇ ಸರಿ. ಇದಕ್ಕೆ ತೀರ ಎದುರಾದುದು ಶಿಲಾಶಾಸನ. ಕಲ್ಲಿನಲ್ಲಿ ಕೆತ್ತಿದುದನ್ನು ಒರೆಸಲಾಗದು. ತಪ್ಪಿದ್ದರೆ ತಪ್ಪೂ ಉಳಿಯುತ್ತದೆ. ಆದರೆ ಕಲ್ಲುಕುಟಿಗನು ಉಳಿ ಹಿಡಿಯುವುದಕ್ಕೆ ಮೊದಲು ಪಾಠವನ್ನು ಬಂಡೆಯ ಮೇಲೆ ಬಣ್ಣದಿಂದಲೋ ಸುಣ್ಣದಿಂದಲೋ ಬರೆದುಕೊಳ್ಳುತ್ತಿದ್ದರೆಂದು ಶಾಸನತಜ್ಞರು ಸಾಮಾನ್ಯವಾಗಿ ಊಹಿಸುತ್ತಾರೆ. ಕರಿಯ ಕಡತಕ್ಕೂ ಕೆತ್ತಿದ ಕಲ್ಲಿಗೂ ನಡುವಣ ಈ ಬರವಣಿಗೆಯು ಒರೆಸಬಹುದಾದುದು, ಆದರೆ ಕೆತ್ತನೆಗೆಂದೇ ಸಿದ್ಧವಾಗಿ ನಿಂತದ್ದು. ಗಿಟ್ ವ್ಯವಸ್ಥೆಯಲ್ಲಿ ಅಣಿಗೊಳಿಸುವ ಹಂತದ ಸ್ಥಾನವೂ ಇದೇ.

ಶಾಸನದ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರಿದೆ; ‘ಲಿಪಿಕಾರ’ ಎಂಬರ್ಥದ ಆ ಕೊನೆಯ ಮಾತು ಮಾತ್ರ ಬ್ರಾಹ್ಮಿಯಲ್ಲಿರದೆ ಖರೋಷ್ಠಿಯಲ್ಲಿದೆ. ಮಾತು ಅಶೋಕನದು, ಬರೆಹ ಚಪಡನದು. ನಮ್ಮ ಕನ್ನಡ ಶಾಸನಗಳಲ್ಲಿಯೂ ರಚಿಸಿದವನು, ಬರೆದವನು, ಕಂಡರಿಸಿದವನು ಎಂದು ಬೇರೆ ಬೇರೆ ಹೆಸರುಗಳು ಬರುವುದುಂಟು. ತಾಳಗುಂದದ ಸ್ತಂಭಶಾಸನದಲ್ಲಿಯಾದರೋ ಕವಿ ಕುಬ್ಜನು ತಾನೇ ರಚಿಸಿ ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ಗಿಟ್‌ನ ಪ್ರತಿಯೊಂದು ದಾಖಲೆಯಲ್ಲಿಯೂ ಬದಲಾವಣೆಯ ಕರ್ತೃ ಒಬ್ಬನು, ಅದನ್ನು ದಾಖಲೆಗೆ ಸೇರಿಸಿದವನು ಒಬ್ಬನು ಎಂದು ಎರಡು ಹೆಸರುಗಳಿಗೆ ಎರಡು ಸ್ಥಾನಗಳಿವೆ. ಬಹುತೇಕ ಸಂದರ್ಭಗಳಲ್ಲಿ ಎರಡೂ ಕುಬ್ಜನಂತೆ ಒಬ್ಬನೇ ಆಗಿರುತ್ತಾನೆ.

ಇನ್ನು ಗಿಟ್‌ನ ಹುಟ್ಟನ್ನು ಕುರಿತು ಎರಡು ಮಾತು. ಕಡತಗಳ ಆವೃತ್ತಿಗಳನ್ನು ಕಾಯ್ದಿಡುವ ಮೊದಲ ವ್ಯವಸ್ಥೆಗಳಲ್ಲೊಂದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ರಚಿಸಿದರು. ಅನಂತರ ಹಲವು ಬಂದುವು. ಲಿನಕ್ಸ್ ತಂತ್ರಾಂಶದ ನಿರ್ಮಾಪಕರು ಬಿಟ್‌ಕೀಪರ್ ಎಂಬ ಖಾಸಗಿ ವ್ಯವಸ್ಥೆಯನ್ನು ಬಳಸುತ್ತಿದ್ದರು. ಅದನ್ನು ಉಚಿತವಾಗಿ ಬಳಸುವ ಅನುಮತಿ 2005ರಲ್ಲಿ ನಿಂತುಹೋಗಲು, ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಗಿಟ್ ಅನ್ನು ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಅದು ತನ್ನ ಇತಿಹಾಸವನ್ನು ತಾನೇ ಕಾಯ್ದುಕೊಳ್ಳುವಷ್ಟು ಬೆಳೆಯಿತು. ಅದೇ ವರ್ಷದ ಜುಲೈನಿಂದ ಅದರ ಪಾಲನೆಯನ್ನು ಜೂನಿಯೊ ಹಮಾನೊ ವಹಿಸಿಕೊಂಡರು. ಈಗಿನ ಅಣಿಗೊಳಿಸುವ ಹಂತವು ಆ ಮೊದಲ ದಿನಗಳಿಂದಲೂ ಇದೆ. ಆಗ ಅದನ್ನು ‘ಕ್ಯಾಶೆ’ ಎಂದೂ ಬಳಿಕ ‘ಇಂಡೆಕ್ಸ್’ ಎಂದೂ ಕರೆದರು. ‘ಸ್ಟೇಜಿಂಗ್ ಏರಿಯ’ ಎಂಬುದು ಇನ್ನೂ ತಡವಾಗಿ ರೂಢಿಗೆ ಬಂದ ಹೆಸರು. ಒಂದೇ ವಸ್ತುವಿಗೆ ಮೂರು ಹೆಸರಿರುವುದು ಕಲಿಯುವವರಿಗೆ ಕಿರುಕುಳವೇ. ಇಲ್ಲಿ ಅದನ್ನು ‘ಅಣಿತಾಣ’ ಎಂದು ಕರೆಯುವೆವು. ‘ಕಮಿಟ್’ ಎಂಬುದಕ್ಕೆ ‘ದಾಖಲೆ’ ಎಂದೂ, ದಾಖಲೆಗಳೆಲ್ಲ ಸೇರಿದ ಕೋಶಕ್ಕೆ ‘ಭಂಡಾರ’ ಎಂದೂ ಹೇಳುವೆವು. ಗಿಟ್‌ಗೆ ಕೊಡುವ ಆಜ್ಞೆಗಳನ್ನು ರೋಮನ್ ಅಕ್ಷರಗಳಲ್ಲಿ ಟೈಪು ಮಾಡಬೇಕು; ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆ ಮೀಸಲಾದುದೆಂಬುದು ವಾಚಕರಿಗೆ ತಿಳಿದಿದೆ. ಒಬ್ಬ ಅಧ್ಯಾಪಕರು ಆ ಸಂಪುಟದಿಂದಲೂ ಅನಂತರದ ವರದಿಗಳಿಂದಲೂ ಶಾಸನಪಾಠಗಳನ್ನು ತೆಗೆದು, ಸ್ವಂತ ಟಿಪ್ಪಣಿಗಳೊಡನೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಕಡತಗಳಲ್ಲಿ ಇಟ್ಟಿದ್ದಾರೆಂದು ಭಾವಿಸೋಣ. ಒಂದು ಸಂಜೆ ಅವರು ಈ ಕಡತಗಳನ್ನು ತೆರೆದು ಕುಳಿತರು. ಸಂಪುಟದ ಮುದ್ರಿತ ಪಾಠದೊಡನೆ ಹೋಲಿಸುತ್ತ, ಹಿರಿಯೂರಿನ ಕಡತದಲ್ಲಿ ‘ೞ’ ಇರಬೇಕಾದ ಆರು ಕಡೆ ‘ಳ’ ಬಿದ್ದಿದ್ದುದನ್ನು ತಿದ್ದಿದರು. ಚಿತ್ರದುರ್ಗದ ಕಡತದಲ್ಲಿ ಚಂದ್ರವಳ್ಳಿಯ ಶಾಸನದ ಕೆಳಗೆ ಹೊಸ ಟಿಪ್ಪಣಿಯೊಂದನ್ನು ಬರೆದರು. ಅದೇ ಕಡತದಲ್ಲಿ ಅಲ್ಲಲ್ಲಿ ಕಂಡ ಟೈಪಿನ ತಪ್ಪುಗಳನ್ನೂ ಸರಿಪಡಿಸಿದರು. ಹೊಳಲ್ಕೆರೆಯ ಹೆಸರನ್ನು ಟಿಪ್ಪಣಿಗಳಲ್ಲಿ ಒಮ್ಮೆ ಹಾಗೆ, ಒಮ್ಮೆ ‘ಹೊಳಲಕೆರೆ’ ಎಂದು ಬರೆದಿದ್ದುದನ್ನು ನಾಲ್ಕು ಕಡತಗಳಲ್ಲಿಯೂ ಒಂದೇ ರೂಪಕ್ಕೆ ತಂದರು. ಹೊಸದುರ್ಗದ ಕಡತದಲ್ಲಿ ಒಂದು ಹಳ್ಳಿಯ ಸ್ಥಳನಾಮವನ್ನು ಕುರಿತು ಬರೆಯತೊಡಗಿ, ವಾಕ್ಯ ಮುಗಿಯುವ ಮೊದಲೇ ವಿದ್ಯುತ್ತು ಹೋಯಿತೆಂದು ನಿಲ್ಲಿಸಿದರು.

ಒಂದು ಸಂಜೆಯ ಕೆಲಸ ಒಂದೇ ಆದರೂ ಬದಲಾವಣೆಗಳು ಐದು ಬಗೆಯವು. ಅವುಗಳ ತೂಕ ಒಂದೇ ಅಲ್ಲ. ಟೈಪಿನ ತಪ್ಪನ್ನು ತಿದ್ದಿದುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ‘ಳ’ಕಾರವನ್ನು ‘ೞ’ಕಾರ ಮಾಡಿದುದು ಪಾಠವನ್ನೇ ಮುಟ್ಟಿದ ಮಾತು, ಅಕ್ಷರದ ರೂಪದಿಂದ ಶಾಸನದ ಕಾಲವನ್ನು ಅಳೆಯುವವರಿಗೆ ಅದು ಸಣ್ಣದಲ್ಲ. ಇನ್ನು ಚಂದ್ರವಳ್ಳಿಯ ಟಿಪ್ಪಣಿಯ ವಿಷಯ. ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲಿರುವ, ಕದಂಬರ ಮಯೂರಶರ್ಮನು ಕೆರೆಯನ್ನು ಕಟ್ಟಿಸಿದುದನ್ನು ಹೇಳುವ ಆ ಪ್ರಾಕೃತ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1929ರ ವರದಿಯಲ್ಲಿ ಪ್ರಕಟಿಸಿದರು. ಅವರ ಓದಿನಂತೆ ಅದರಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿಗಳ ಹೆಸರುಗಳಿವೆ. ಕೆರೆಯೊಂದನ್ನು ಕಟ್ಟಿಸಿದವನ ಶಾಸನದಲ್ಲಿ ಇಷ್ಟು ದೂರದ ಇಷ್ಟೊಂದು ಹೆಸರುಗಳು ನಿಜವಾಗಿ ಇವೆಯೇ ಎಂದು ಅನಂತರದ ವಿದ್ವಾಂಸರು ಸಂದೇಹಪಟ್ಟಿದ್ದಾರೆ. ಬಂಡೆಯ ಸವೆದ ಅಕ್ಷರಗಳನ್ನು ಬೇರೆಯಾಗಿ ಓದಿಯೂ ಇದ್ದಾರೆ. ಮಯೂರಶರ್ಮನ ರಾಜ್ಯದ ವಿಸ್ತಾರವೆಷ್ಟೆಂಬ ದೊಡ್ಡ ಪ್ರಶ್ನೆಯೇ ಈ ಕೆಲವು ಅಕ್ಷರಗಳನ್ನು ಅವಲಂಬಿಸಿದೆ. ಹೀಗಿರಲು, ಇದನ್ನು ಕುರಿತ ಟಿಪ್ಪಣಿಯ ಬದಲಾವಣೆಯು ‘ಕೆಲವು ತಿದ್ದುಪಡಿಗಳು’ ಎಂಬ ಶೀರ್ಷಿಕೆಯ ಕೆಳಗೆ ನಲವತ್ತು ಅಲ್ಪವಿರಾಮಗಳ ಜೊತೆಗೆ ಹೂತುಹೋಗಬಾರದು.

ಈ ಲೇಖಕನೇ ಒಮ್ಮೆ ಹಾಗೆ ಹೂತಿಟ್ಟ ಪ್ರಸಂಗವನ್ನು ಹೇಳಿದರೆ ವಿಷಯದ ತೀವ್ರತೆ ಮನದಟ್ಟಾದೀತು. ಊರಿನ ಹೆಸರನ್ನು ಏಕರೂಪಗೊಳಿಸುವ ಉತ್ಸಾಹದಲ್ಲಿ ನಾನು ‘ಹುಡುಕಿ ಬದಲಿಸು’ ಎಂಬ ಸೌಕರ್ಯವನ್ನು ಕಡತಗಳ ಮೇಲೆಲ್ಲ ಓಡಿಸಿದೆನು. ‘ಹೊಳಲು’ ಎಂಬುದು ಹಳಗನ್ನಡದ ‘ಪೊೞಲ್’ ಎಂಬುದರ ಮುಂದಿನ ರೂಪ. ಊರು, ಪಟ್ಟಣವೆಂದು ಅದರ ಅರ್ಥ. ನನ್ನ ಟಿಪ್ಪಣಿಗಳಲ್ಲಿ ಏಕರೂಪತೆ ಇರಬೇಕಾದುದೇ. ಆದರೆ ಶಾಸನಪಾಠದೊಳಗೆ ಕಲ್ಲಿನಲ್ಲಿ ಏನಿದೆಯೋ ಅದೇ ಇರಬೇಕು. ಯಂತ್ರಕ್ಕೆ ಈ ಭೇದ ತಿಳಿಯದು. ಪಾಠಗಳೊಳಗಿನ ಕೆಲವು ರೂಪಗಳೂ ಬದಲಾದುವು. ಅದೇ ದಿನ ಮಾಡಿದ್ದ ನಿಜವಾದ ಪಾಠ ತಿದ್ದುಪಡಿಗಳೊಡನೆ ಎಲ್ಲವನ್ನೂ ಒಂದೇ ದಾಖಲೆಯಾಗಿ ಸೇರಿಸಿಬಿಟ್ಟೆನು. ಹಲವು ತಿಂಗಳ ಮೇಲೆ ತಪ್ಪು ಕಂಡಾಗ ಆ ದಾಖಲೆಯನ್ನು ಹಿಂದಿರುಗಿಸಹೋದರೆ ಸರಿಯಾದ ತಿದ್ದುಪಡಿಗಳೂ ಅದರೊಡನೆ ಹೋಗುವ ಸ್ಥಿತಿ. ಇತಿಹಾಸವೆಲ್ಲ ಭಂಡಾರದಲ್ಲಿ ಭದ್ರವಾಗಿಯೇ ಇತ್ತು. ಅದರೊಳಗೆ ಯಾವುದು ಉದ್ದೇಶಪೂರ್ವಕ, ಯಾವುದು ಯಂತ್ರದ ಕೈವಾಡ ಎಂದು ಬಿಡಿಸುವುದೇ ಅಸಾಧ್ಯವಾಗಿತ್ತು. ಮೂಲ ಸಂಪುಟವನ್ನು ಮತ್ತೆ ತೆರೆದು ಒಂದೊಂದೇ ಸಾಲನ್ನು ಹೋಲಿಸಿ ನೋಡಬೇಕಾಯಿತು.

ಈಗ ನಮ್ಮ ಅಧ್ಯಾಪಕರ ಸಂಜೆಗೆ ಹಿಂದಿರುಗೋಣ. ಗಿಟ್‌ನಲ್ಲಿ ಒಂದೇ ಕಡತಕ್ಕೆ ಏಕಕಾಲದಲ್ಲಿ ಮೂರು ರೂಪಗಳಿರಬಹುದು. ಕಣ್ಣೆದುರಿಗೆ ತೆರೆದು ತಿದ್ದುತ್ತಿರುವ ಕೆಲಸದ ಪ್ರತಿ ಒಂದು. ಅಣಿತಾಣದಲ್ಲಿ ಇರಿಸಿದ ಪ್ರತಿ ಇನ್ನೊಂದು. ಕೊನೆಯ ದಾಖಲೆಯಲ್ಲಿರುವ ಪ್ರತಿ ಮತ್ತೊಂದು. ‘ಗಿಟ್ ಆ್ಯಡ್’ ಎಂಬ ಆಜ್ಞೆ ಮೊದಲನೆಯದರಿಂದ ಎರಡನೆಯದಕ್ಕೆ ಒಯ್ಯುತ್ತದೆ; ‘ಗಿಟ್ ಕಮಿಟ್’ ಎಂಬುದು ಎರಡನೆಯದನ್ನು ಮೂರನೆಯದಾಗಿ ಮಾಡುತ್ತದೆ. ದಾಖಲೆಯು ಅಣಿತಾಣದಿಂದ ಹುಟ್ಟುತ್ತದೆಯೇ ಹೊರತು ಕಣ್ಣೆದುರಿನ ಕಡತದಿಂದ ಹುಟ್ಟುವುದಿಲ್ಲ. ಈ ಒಂದು ಅಂಶ ಮನಸ್ಸಿನಲ್ಲಿ ನಿಂತರೆ ಉಳಿದುದೆಲ್ಲ ತಾನಾಗಿ ಅರ್ಥವಾಗುವುದು.

ಅಧ್ಯಾಪಕರು ಮೊದಲು ‘ಗಿಟ್ ಸ್ಟೇಟಸ್’ ಎಂದು ಕೇಳಿದರೆ ನಾಲ್ಕು ಕಡತಗಳೂ ಬದಲಾಗಿವೆ, ಯಾವುದೂ ಅಣಿಯಾಗಿಲ್ಲ ಎಂಬ ಉತ್ತರ ಬರುತ್ತದೆ. ಹಿರಿಯೂರಿನ ಕಡತದಲ್ಲಿ ‘ೞ’ಕಾರದ ತಿದ್ದುಪಡಿಯೂ ಊರಿನ ಹೆಸರಿನ ತಿದ್ದುಪಡಿಯೂ ಬೆರೆತಿವೆ. ಇಡೀ ಕಡತವನ್ನು ಅಣಿಗೊಳಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆದುದರಿಂದ ಅವರು ‘ಆ್ಯಡ್’ ಆಜ್ಞೆಗೆ ‘ಪ್ಯಾಚ್’ ಎಂಬ ವಿಶೇಷಣವನ್ನು ಸೇರಿಸಬೇಕು. ಆಗ ಗಿಟ್ ಕಡತದ ಬದಲಾವಣೆಗಳನ್ನು ತುಂಡುತುಂಡಾಗಿ ತೋರಿಸಿ, ಪ್ರತಿ ತುಂಡಿಗೂ ಇದನ್ನು ಅಣಿಗೊಳಿಸಲೇ ಎಂದು ಕೇಳುತ್ತದೆ. ‘ವೈ’ ಎಂದರೆ ಹೌದು, ‘ಎನ್’ ಎಂದರೆ ಇಲ್ಲ. ಒಂದೇ ತುಂಡಿನಲ್ಲಿ ಎರಡು ಬಗೆಯವು ಸಿಕ್ಕಿಕೊಂಡಿದ್ದರೆ ‘ಎಸ್’ ಎಂದು ಹೇಳಿ ಇನ್ನೂ ಚಿಕ್ಕದಾಗಿ ಒಡೆಯಬಹುದು. ಅದೂ ಸಾಲದಿದ್ದರೆ ‘ಇ’ ಎಂದು ಹೇಳಿ ಆ ತುಂಡನ್ನು ಕೈಯಾರೆ ತಿದ್ದಬಹುದು. ‘ೞ’ಕಾರದ ಆರು ತಿದ್ದುಪಡಿಗಳಿಗೆ ಮಾತ್ರ ‘ವೈ’ ಎಂದು ಹೇಳಿ, ‘ಹಿರಿಯೂರು: ಮುದ್ರಿತ ಸಂಪುಟದಂತೆ ೞಕಾರಗಳನ್ನು ಸರಿಪಡಿಸಿದೆ’ ಎಂದು ಕಾರಣ ಬರೆದು ದಾಖಲಿಸಿದರೆ ಒಂದು ಮುಗಿಯಿತು. ಆಮೇಲೆ ಚಂದ್ರವಳ್ಳಿಯ ಟಿಪ್ಪಣಿ ಒಂದು ದಾಖಲೆ. ಟೈಪಿನ ತಪ್ಪುಗಳು ಒಂದು. ಊರಿನ ಹೆಸರು ಒಂದು. ಹೊಸದುರ್ಗದ ಕಡತದಲ್ಲಿ ಊರಿನ ಹೆಸರಿನ ತುಂಡುಗಳಿಗೆ ಮಾತ್ರ ಒಪ್ಪಿಗೆ ಕೊಟ್ಟು, ಅರ್ಧವಾಕ್ಯವನ್ನು ಹಾಗೆಯೇ ಬಿಡಬಹುದು. ಅದು ಕಡತದಲ್ಲಿ ಇದ್ದೇ ಇರುತ್ತದೆ, ದಾಖಲೆಗೆ ಮಾತ್ರ ಸೇರುವುದಿಲ್ಲ. ಹೀಗೆ ತುಂಡುತುಂಡಾಗಿ ನೋಡುವಾಗಲೇ, ಬದಲಾಗಬಾರದ ಶಾಸನಪಾಠವೊಂದು ಬದಲಾಗಿದ್ದರೆ ಕಣ್ಣಿಗೆ ಬೀಳುವ ಸಂಭವ ಹೆಚ್ಚು. ನಾನು ಆ ದಿನ ಈ ಕ್ರಮವನ್ನು ಅನುಸರಿಸಿದ್ದರೆ ಮೇಲೆ ಹೇಳಿದ ತಪ್ಪು ಅಲ್ಲಿಯೇ ಸಿಕ್ಕುತ್ತಿತ್ತು.

ದಾಖಲಿಸುವ ಮುನ್ನ ನೋಡಬೇಕಾದುದು ಇನ್ನೊಂದುಂಟು. ಬರಿಯ ‘ಗಿಟ್ ಡಿಫ್’ ಎಂಬುದು ಕೆಲಸದ ಪ್ರತಿಗೂ ಅಣಿತಾಣಕ್ಕೂ ಇರುವ ವ್ಯತ್ಯಾಸವನ್ನು, ಎಂದರೆ ಇನ್ನೂ ಅಣಿಯಾಗದುದನ್ನು ತೋರಿಸುತ್ತದೆ. ‘ಸ್ಟೇಜ್ಡ್’ ಎಂಬ ವಿಶೇಷಣ ಸೇರಿಸಿದರೆ ಅಣಿತಾಣಕ್ಕೂ ಕೊನೆಯ ದಾಖಲೆಗೂ ಇರುವ ವ್ಯತ್ಯಾಸವನ್ನು, ಎಂದರೆ ಈಗ ಕೆತ್ತಲು ಹೊರಟಿರುವುದನ್ನು ತೋರಿಸುತ್ತದೆ. ಎಲ್ಲವನ್ನೂ ಅಣಿಗೊಳಿಸಿದ ಮೇಲೆ ಮೊದಲನೆಯದು ಏನನ್ನೂ ತೋರಿಸದಿರಲು, ಬದಲಾವಣೆಗಳೆಲ್ಲ ಮಾಯವಾದುವೆಂದು ಗಾಬರಿಗೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ತಪ್ಪಾಗಿ ಅಣಿಗೊಳಿಸಿದುದನ್ನು ‘ಗಿಟ್ ರಿಸ್ಟೋರ್’ ಎಂಬ ಆಜ್ಞೆಗೆ ಅದೇ ‘ಸ್ಟೇಜ್ಡ್’ ವಿಶೇಷಣವನ್ನು ಕೊಟ್ಟು ಹಿಂದೆಗೆಯಬಹುದು. ಕೆಲಸದ ಪ್ರತಿ ಕದಲುವುದಿಲ್ಲ. ಈ ಆಜ್ಞೆ 2019ರಲ್ಲಿ ಬಂದುದು. ಅದಕ್ಕೆ ಹಿಂದೆ ‘ರಿಸೆಟ್’ ಎಂಬುದನ್ನೇ ಬಳಸುತ್ತಿದ್ದರು, ಈಗಲೂ ಬಳಸಬಹುದು. ಆದರೆ ವಿಶೇಷಣವನ್ನು ಮರೆತು ಬರಿಯ ‘ರಿಸ್ಟೋರ್’ ಎಂದು ಕಡತದ ಹೆಸರು ಕೊಟ್ಟರೆ ಕೆಲಸದ ಪ್ರತಿಯೇ ಅಣಿತಾಣದ ರೂಪಕ್ಕೆ ಹಿಂದಿರುಗಿ, ಅಣಿಗೊಳಿಸದೆ ಇದ್ದ ಸಂಜೆಯ ಶ್ರಮವೆಲ್ಲ ಅಳಿಸಿಹೋಗುವುದು. ಇಲ್ಲಿ ಎಚ್ಚರ ಬೇಕು.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ. ಅಧ್ಯಾಪಕರು ಚಂದ್ರವಳ್ಳಿಯ ಟಿಪ್ಪಣಿಯನ್ನು ಅಣಿಗೊಳಿಸಿದ ಮೇಲೆ, ದಾಖಲಿಸುವುದಕ್ಕೆ ಮೊದಲು ಅದರಲ್ಲಿ ಮತ್ತೊಂದು ವಾಕ್ಯವನ್ನು ಸೇರಿಸಿದರೆನ್ನೋಣ. ದಾಖಲೆಗೆ ಆ ವಾಕ್ಯ ಸೇರದು. ಅಣಿಗೊಳಿಸಿದ ಕ್ಷಣದಲ್ಲಿ ಇದ್ದ ರೂಪವೇ ಸೇರುತ್ತದೆ. ಕಾರಣವು ಅಣಿತಾಣದ ರಚನೆಯಲ್ಲಿದೆ. ‘ಆ್ಯಡ್’ ಎಂದ ಕೂಡಲೇ ಗಿಟ್ ಕಡತದ ಆಗಿನ ತಿರುಳನ್ನು ಓದಿ, ಅದರಿಂದ ಶಾ-1 ಎಂಬ ಗಣಿತಕ್ರಮದಂತೆ 40 ಅಂಕಾಕ್ಷರಗಳ ಗುರುತೊಂದನ್ನು ಲೆಕ್ಕಹಾಕಿ, ತಿರುಳನ್ನು ಅಡಕಗೊಳಿಸಿ ಆ ಗುರುತಿನ ಹೆಸರಿನಲ್ಲಿ ಭಂಡಾರದೊಳಗೆ ಇಟ್ಟುಬಿಡುತ್ತದೆ. ಅಣಿತಾಣವೆಂಬುದು ವಾಸ್ತವವಾಗಿ ಭಂಡಾರದೊಳಗಿನ ‘ಇಂಡೆಕ್ಸ್’ ಎಂಬ ಒಂದೇ ಒಂದು ಕಡತ. ಅದರಲ್ಲಿ ನಾವು ಗಿಟ್‌ಗೆ ಒಪ್ಪಿಸಿರುವ ಎಲ್ಲ ಕಡತಗಳ ಹೆಸರುಗಳೂ ಕ್ರಮವಾಗಿ ಜೋಡಿಸಲ್ಪಟ್ಟು, ಪ್ರತಿಯೊಂದರ ಮುಂದೆ ಅದರ ಗುರುತು, ಗಾತ್ರ, ಕೊನೆಯ ಬಾರಿ ಬದಲಾದ ವೇಳೆ ಮೊದಲಾದವು ಇರುತ್ತವೆ. ಆ ಕಡತದ ಮೊದಲ ನಾಲ್ಕು ಅಕ್ಷರಗಳು ಡಿ, ಐ, ಆರ್, ಸಿ. ‘ಡೈರೆಕ್ಟರಿ ಕ್ಯಾಶೆ’ ಎಂಬ ಮೊದಲ ಹೆಸರಿನ ಸಂಕ್ಷೇಪ. ಹೆಸರು ಬದಲಾಗಿ ವರ್ಷಗಳಾದರೂ ಅದು ಅಲ್ಲಿಯೇ ಉಳಿದುಬಂದಿದೆ. ಆದುದರಿಂದ ಅಣಿತಾಣವನ್ನು ಬದಲಾದ ಕಡತಗಳ ಪಟ್ಟಿಯೆಂದು ತಿಳಿಯುವುದು ಸರಿಯಲ್ಲ. ಮುಂದಿನ ದಾಖಲೆಯಲ್ಲಿ ಇಡೀ ಸಂಗ್ರಹ ಹೇಗಿರಬೇಕೋ ಅದರ ಪೂರ್ಣ ಕರಡೇ ಅದು. ದಾಖಲಿಸುವಾಗ ಗಿಟ್ ಮಾಡಬೇಕಾದುದು ಈ ಕರಡಿನಿಂದ ವೃಕ್ಷವೊಂದನ್ನು ರಚಿಸಿ, ಹಿಂದಿನ ದಾಖಲೆಯ ಗುರುತು, ಕರ್ತೃವಿನ ಹೆಸರು, ಕಾಲ, ಕಾರಣ ಇವನ್ನು ಸೇರಿಸುವುದಷ್ಟೆ.

ಇದರಿಂದ ಒಂದು ಪ್ರಯೋಜನವೂ ಉಂಟು. ಅಣಿಗೊಳಿಸಿ ದಾಖಲಿಸದೆ ಬಿಟ್ಟ ಬರೆಹ ಆಕಸ್ಮಿಕವಾಗಿ ಕಳೆದುಹೋದರೂ ಅದರ ತಿರುಳು ಸ್ವಲ್ಪ ಕಾಲ ಭಂಡಾರದಲ್ಲಿ ಅನಾಥವಾಗಿ ಉಳಿದಿರುತ್ತದೆ. ‘ಗಿಟ್ ಎಫ್‌ಎಸ್‌ಸಿಕೆ’ ಎಂಬ ಆಜ್ಞೆಯಿಂದ ಅದನ್ನು ಹುಡುಕಿ ತೆಗೆಯಬಹುದು. ಸಾಮಾನ್ಯ ವ್ಯವಸ್ಥೆಯಲ್ಲಿ ಇಂಥ ಅನಾಥ ವಸ್ತುಗಳು ಎರಡು ವಾರ ಕಳೆದ ಮೇಲೆ ಗುಡಿಸಿಹೋಗಲು ಅರ್ಹವಾಗುತ್ತವೆ.

ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿ ಬಳಿಕ ಕೂಡಿಸಹೊರಟಾಗ ಅಣಿತಾಣದ ಇನ್ನೊಂದು ಮುಖ ಕಾಣುತ್ತದೆ. ಆಗ ಅದು ಒಂದೇ ಕಡತದ ಮೂರು ರೂಪಗಳನ್ನು 1, 2, 3 ಎಂಬ ಅಂಕಗಳೊಡನೆ ಹಿಡಿದಿಡುತ್ತದೆ: ಇಬ್ಬರಿಗೂ ಮೂಲವಾದ ಪಾಠ, ನಮ್ಮ ಪಾಠ, ಬಂದ ಪಾಠ. ಸಂಪಾದಕನು ನಿರ್ಣಯಿಸಿ ಮತ್ತೆ ‘ಆ್ಯಡ್’ ಎಂದಾಗ ಮೂರೂ ಅಳಿದು, 0 ಎಂಬ ಅಂಕದ ಒಂದೇ ಪಾಠ ನಿಲ್ಲುತ್ತದೆ. ಹಸ್ತಪ್ರತಿಗಳ ಪಾಠಾಂತರಗಳನ್ನು ನಿರ್ಣಯಿಸಿ ಬಲ್ಲವರಿಗೆ ಈ ಕ್ರಮ ಹೊಸದಾಗಿ ತೋರಲಾರದು.

ಈ ಹಂತವೇ ಬೇಡವೆನ್ನುವವರೂ ಇದ್ದಾರೆ. ಗಿಟ್ ಹುಟ್ಟಿದ ತಿಂಗಳಿನಲ್ಲಿಯೇ ಮ್ಯಾಟ್ ಮ್ಯಾಕಲ್ ರಚಿಸತೊಡಗಿದ ಮರ್ಕ್ಯುರಿಯಲ್ ಎಂಬ ವ್ಯವಸ್ಥೆಯಲ್ಲಿ ಅಣಿತಾಣವನ್ನು ಬಳಕೆದಾರನ ಮುಂದೆ ತಂದಿಲ್ಲ. ಬದಲಾದುದೆಲ್ಲ ನೇರವಾಗಿ ದಾಖಲಾಗುತ್ತದೆ. ಗಿಟ್‌ನಲ್ಲಿಯೂ ‘ಕಮಿಟ್’ ಆಜ್ಞೆಗೆ ‘ಎ’ ಎಂಬ ವಿಶೇಷಣ ಕೊಟ್ಟು ಅಣಿಗೊಳಿಸುವ ಶ್ರಮವನ್ನು ತಪ್ಪಿಸಿಕೊಳ್ಳಬಹುದು. ಇವರ ಆಕ್ಷೇಪಣೆಗಳಲ್ಲಿ ಒಂದು ನಿಜವಾಗಿಯೂ ಗಟ್ಟಿಯಾದುದು. ತುಂಡುತುಂಡಾಗಿ ಆಯ್ದು ದಾಖಲಿಸಿದ ರೂಪವು ಎಂದೂ ಪೂರ್ತಿಯಾಗಿ ಕಣ್ಣೆದುರಿಗೆ ಇದ್ದುದಲ್ಲ. ತಂತ್ರಾಂಶವಾದರೆ ಆ ರೂಪ ಕೆಲಸಮಾಡುವುದೋ ಇಲ್ಲವೋ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಅಣಿಯಾಗದ ಭಾಗವನ್ನು ‘ಗಿಟ್ ಸ್ಟ್ಯಾಶ್’ ಎಂಬ ಆಜ್ಞೆಯಿಂದ, ಅಣಿತಾಣವನ್ನು ಉಳಿಸಿಕೊಳ್ಳುವ ವಿಶೇಷಣದೊಡನೆ, ತಾತ್ಕಾಲಿಕವಾಗಿ ಪಕ್ಕಕ್ಕಿಟ್ಟು ಪರೀಕ್ಷಿಸುವುದೇ ಇದಕ್ಕೆ ಉಪಾಯ. ನಮ್ಮ ಶಾಸನಪಾಠಗಳ ವಿಷಯದಲ್ಲಿ ಈ ಆಕ್ಷೇಪಣೆ ಅಷ್ಟಾಗಿ ತಟ್ಟದು. ಶಾಸನದ ಕ್ರಮಸಂಖ್ಯೆ ಒಂದು ಕಡೆ ಬದಲಾಗಿ, ಅದನ್ನು ಉಲ್ಲೇಖಿಸುವ ಟಿಪ್ಪಣಿಯಲ್ಲಿ ಹಳೆಯದೇ ಉಳಿದರೆ ಮಾತ್ರ ತೊಂದರೆ. ಒಬ್ಬನೇ ಕುಳಿತು ದಿನಚರಿ ಬರೆಯುವವನಿಗೆ ಅಣಿತಾಣ ಬೇಡವೆಂದರೆ ನಾನು ವಾದಿಸುವುದಿಲ್ಲ. ಇನ್ನೊಬ್ಬರು ಆಧಾರವಾಗಿ ಹಿಡಿಯುವ ಪಾಠಗಳಿಗೆ ಅದು ಬೇಕೇ ಬೇಕೆಂದು ನನ್ನ ಅಭಿಪ್ರಾಯ.

ಕ್ಷೇತ್ರಕಾರ್ಯದ ಟಿಪ್ಪಣಿಗಳಿಗಂತೂ ಇದು ಬೇರೊಂದು ಕಾರಣದಿಂದ ಅಗತ್ಯ. ಹಳ್ಳಿಗಳಲ್ಲಿ ಮಾಹಿತಿ ಕೊಟ್ಟವರ ಹೆಸರು, ದೂರವಾಣಿ ಸಂಖ್ಯೆ, ಮನೆಯ ಕಲಹಗಳ ಸಂಗತಿ ಇವೆಲ್ಲ ಟಿಪ್ಪಣಿಯಲ್ಲಿ ಇರುತ್ತವೆ. ‘ಗಿಟ್ ಆ್ಯಡ್’ ಎಂದು ಬರೆದು ಮುಂದೆ ಒಂದು ಚುಕ್ಕೆಯಿಟ್ಟರೆ ಕೋಶದಲ್ಲಿರುವುದೆಲ್ಲ ಒಮ್ಮೆಗೇ ಅಣಿಯಾಗುತ್ತದೆ. ಹೀಗೆ ದಾಖಲೆಗೆ ಸೇರಿದುದನ್ನು ಮುಂದಿನ ದಾಖಲೆಯಲ್ಲಿ ಅಳಿಸಿದರೂ ಹಿಂದಿನದರಲ್ಲಿ ಅದು ಉಳಿದೇ ಇರುತ್ತದೆ. ಇತಿಹಾಸವನ್ನೇ ತಿದ್ದಿ ಬರೆಯುವ ಸಾಧನಗಳಿದ್ದರೂ ಬೇರೆಯವರು ಭಂಡಾರವನ್ನು ನಕಲು ಮಾಡಿಕೊಂಡ ಬಳಿಕ ಆ ನಕಲುಗಳು ನಮ್ಮ ಕೈಯಲ್ಲಿಲ್ಲ. ಒಮ್ಮೆ ಪ್ರಕಟವಾದುದನ್ನು ಹಿಂದೆಗೆಯಲಾಗದೆ ಉಳಿದ ನಿದರ್ಶನ ನಮ್ಮ ಲಿಪಿಯಲ್ಲಿಯೇ ಇದೆ. ಯೂನಿಕೋಡ್ ಸಂಕೇತಪಟ್ಟಿಯಲ್ಲಿ ‘ೞ’ ಅಕ್ಷರಕ್ಕೆ ತಪ್ಪಾಗಿ ‘ಕನ್ನಡ ಅಕ್ಷರ ಫ’ ಎಂಬರ್ಥದ ಇಂಗ್ಲಿಷ್ ಹೆಸರು ಬಿದ್ದಿತು. ಪ್ರಕಟವಾದ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ ಅದು ಇಂದಿಗೂ ಹಾಗೆಯೇ ಇದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಕೊಟ್ಟಿದ್ದಾರೆ. ಅಶೋಕನೂ ತನ್ನ 14ನೆಯ ಬಂಡೆಶಾಸನದಲ್ಲಿ ಕೆಲವೆಡೆ ಪಾಠ ಅಪೂರ್ಣವಾಗಿರುವುದಕ್ಕೆ ಲಿಪಿಕಾರನ ತಪ್ಪೂ ಕಾರಣವಾಗಿರಬಹುದೆಂದು ಒಪ್ಪಿಕೊಂಡಿದ್ದಾನೆ.

ಕೊನೆಯದಾಗಿ ಕನ್ನಡ ಬರೆಹಕ್ಕೆ ವಿಶೇಷವಾದ ಕೆಲವು ವ್ಯಾವಹಾರಿಕ ಸಂಗತಿಗಳು. ಗಿಟ್ ಅಕ್ಷರಗಳನ್ನು ನೋಡುವುದಿಲ್ಲ, ಬೈಟುಗಳನ್ನು ನೋಡುತ್ತದೆ. ಕನ್ನಡದ ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’, ‘ೂ’, ‘ೕ’ ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಿಟ್‌ಗೆ ಬೇರೆ. ಬದಲಾವಣೆಯೇ ಇಲ್ಲದ ಸಾಲು ಬದಲಾಗಿದೆಯೆಂದು ಅದು ತೋರಿಸಿದರೆ ಇಂಥ ಕಾರಣವನ್ನು ಸಂಶಯಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿದ್ದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ ಎಲ್ಲ ಸಾಲುಗಳೂ ಬದಲಾಗುವುವು. ಆ ಪರಿವರ್ತನೆ ತಾನೇ ಒಂದು ದಾಖಲೆಯಾಗಿರಬೇಕು, ಅದರೊಡನೆ ಬೇರೆ ಯಾವ ತಿದ್ದುಪಡಿಯೂ ಬೆರೆಯಬಾರದು. ಕಡತದ ಹೆಸರು ಕನ್ನಡದಲ್ಲಿದ್ದರೆ ‘ಸ್ಟೇಟಸ್’ ಅದನ್ನು 340, 262 ಎಂಬಂಥ ಅಂಕೆಗಳ ಸಾಲಾಗಿ ತೋರಿಸುವುದುಂಟು. ‘ಕೋಟ್‌ಪಾತ್’ ಎಂಬ ವ್ಯವಸ್ಥೆಯನ್ನು ಕೈಬಿಟ್ಟರೆ ಹೆಸರು ಹೆಸರಾಗಿಯೇ ಕಾಣುತ್ತದೆ. ವರ್ಡ್ ಕಡತಗಳು ಅಡಕಗೊಳಿಸಿದ ಗಂಟುಗಳಾದುದರಿಂದ ಅವುಗಳನ್ನು ತುಂಡುತುಂಡಾಗಿ ಅಣಿಗೊಳಿಸಲಾಗದು. ಸಾದಾ ಪಠ್ಯವೇ ಬೇಕು. ಆ ಸಾದಾ ಪಠ್ಯದಲ್ಲಿಯೂ ಒಂದು ಪರಿಚ್ಛೇದವನ್ನೆಲ್ಲ ಒಂದೇ ಸಾಲಾಗಿ ಹರಿಯಬಿಟ್ಟರೆ ಒಂದಕ್ಷರದ ತಿದ್ದುಪಡಿಗೂ ಇಡೀ ಪರಿಚ್ಛೇದ ಒಂದೇ ತುಂಡಾಗಿ ಎದ್ದು ನಿಲ್ಲುತ್ತದೆ, ಅದನ್ನು ‘ಎಸ್’ ಎಂದು ಒಡೆಯಲೂ ಆಗದು. ಶಾಸನಪಾಠದಲ್ಲಿ ಕಲ್ಲಿನ ಒಂದು ಸಾಲಿಗೆ ಕಡತದ ಒಂದು ಸಾಲು, ಟಿಪ್ಪಣಿಯಲ್ಲಿ ಒಂದು ವಾಕ್ಯಕ್ಕೆ ಒಂದು ಸಾಲು ಎಂದು ಇಟ್ಟುಕೊಂಡರೆ ಈ ಕಷ್ಟ ತಪ್ಪುತ್ತದೆ. ಚಂದ್ರವಳ್ಳಿಯ ಶಾಸನವನ್ನು ಹಾಗೆ ಬರೆದಿಟ್ಟರೆ, ಯಾವ ಸಾಲಿನ ಯಾವ ಓದನ್ನು ಯಾರು, ಎಂದು, ಏಕೆ ಬದಲಿಸಿದರೆಂಬುದನ್ನು ಸಾಲು ಸಾಲಾಗಿ ಕೇಳಿ ತಿಳಿಯಬಹುದು.